ಜೂನ್‌ನಲ್ಲಿ ಎರೆಹುಳ, ಜನವರಿಯಲ್ಲಿ ಪಾಚಿ: ಕೆರೆ ಮೀನಿನ ಊಟ ಬದಲಾಗುವುದು ಯಾಕೆ?

ಪ್ರಶ್ನೆ: ಉಡುಪಿ ಕಡೆಯ ಹಿರಿಯಡ್ಕದ ಹತ್ತಿರ ನಮ್ಮದೊಂದು ಅಡಿಕೆ ತೋಟ ಇದೆ. ತೋಟದ ಕೆರೆಗೆ ಕಳೆದ ಆಗಸ್ಟ್‌ನಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟಿದ್ದೆ. ಮಳೆನೀರಿನ ಜೊತೆ ಮುಗುಡು (ಮೀಸೆ ಇರುವ ಮೀನು), ಕೊರವ (ಹಾವಿನಂಥ ತಲೆಯ ಬೇಟೆಯ ಮೀನು) ಕೂಡ ಬಂದು ಸೇರಿಕೊಂಡಿವೆ. ಮೊದಮೊದಲು ತೌಡು ಎಸೆದ ಕೂಡಲೇ ಮರಿಗಳೆಲ್ಲ ಮೇಲೆ ಬರುತ್ತಿದ್ದವು. ಈಗ ಜನವರಿ. ತೌಡು ಹಾಗೇ ತೇಲುತ್ತಾ ಇರುತ್ತದೆ. ಪಕ್ಕದ ತೋಡಿನಲ್ಲೂ (ಸಣ್ಣ ಹಳ್ಳ) ಅದೇ ಕಥೆ. ಜೂನ್‌ನಲ್ಲಿ ಗಾಳಕ್ಕೆ ಎರೆಹುಳ ಸಿಕ್ಕಿಸಿದರೆ ಸಾಕಿತ್ತು, ಈಗ ಮೀನು ಹತ್ತಿರ ಸುಳಿಯುವುದಿಲ್ಲ. ಮೀನಿನ ರುಚಿ ಬದಲಾಗುತ್ತದೆಯೇ? ಕಾಯಿಲೆ ಏನಾದರೂ ಇರಬಹುದೇ? ಕೊರವವನ್ನು ಕೆರೆಯಲ್ಲೇ ಬಿಡಬಹುದೇ?

ಉತ್ತರ: ಮೊದಲು ಕಾಯಿಲೆಯ ಹೆದರಿಕೆ ಬಿಡಿ. ಕಾಯಿಲೆ ಬಂದ ಮೀನು ಒಂಟಿಯಾಗಿ ದಡದ ಹತ್ತಿರ ನಿಲ್ಲುತ್ತದೆ, ವಾಲಾಡುತ್ತದೆ, ಕಲ್ಲಿಗೆ ಮೈ ಉಜ್ಜುತ್ತದೆ. ಮೈಮೇಲೆ ಕೆಂಪು ಗಾಯ ಕಾಣುತ್ತದೆ. ನೀವು ಅಂಥದ್ದೇನೂ ಬರೆದಿಲ್ಲ. ಒಂದು ಮಾತು ಮಾತ್ರ ನೆನಪಿಡಿ. ಮಳೆಗಾಲ ಕಳೆದು ನೀರು ತಣ್ಣಗಾಗುವ ಈ ತಿಂಗಳುಗಳಲ್ಲೇ ಕೊರವ ಮೀನಿಗೆ ಹುಣ್ಣಿನ ರೋಗ ಬರುವುದು ಜಾಸ್ತಿ. ಮೈಯಲ್ಲಿ ಹುಣ್ಣಿದ್ದ ಒಂದು ಮೀನು ಕಂಡರೂ ಹಿಡಿದು ಹೊರಗೆ ತೆಗೆಯಿರಿ. ಅದು ಬಿಟ್ಟರೆ ನಿಮ್ಮ ಕೆರೆ ಸರಿಯಾಗಿಯೇ ಇದೆ ಅಂತ ನನಗೆ ಅನಿಸುತ್ತದೆ.

ಇನ್ನು ರುಚಿಯ ವಿಷಯ. ಹೌದು, ಬದಲಾಗುತ್ತದೆ. ಆದರೆ ನಮ್ಮ ನಾಲಿಗೆಗೆ ಒಂದು ತಿಂಡಿ ಸಾಕಾಗುತ್ತದಲ್ಲ, ಆ ಥರ ಅಲ್ಲ. ಮೀನು ಬೆಳೆದ ಹಾಗೆ ಅದರ ಬಾಯಿ, ಕಿವಿರು, ಕರುಳು ಎಲ್ಲ ಬದಲಾಗುತ್ತವೆ. ಅದೇ ಹೊತ್ತಿಗೆ ನೀರು ಕೂಡ ತಿಂಗಳು ತಿಂಗಳಿಗೆ ಬೇರೆ ಬೇರೆ ಊಟ ಬಡಿಸುತ್ತಾ ಹೋಗುತ್ತದೆ. ಈ ಎರಡು ಲೆಕ್ಕ ಒಟ್ಟಿಗೆ ನೋಡಬೇಕು. "ರೋಹು ಏನು ತಿನ್ನುತ್ತದೆ?" ಅಂತ ಯಾರಾದರೂ ನನ್ನನ್ನು ಕೇಳಿದರೆ ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಉದ್ದದ ರೋಹು? ಯಾವ ತಿಂಗಳು?

ಉದ್ದದ ಲೆಕ್ಕದಿಂದ ಶುರು ಮಾಡೋಣ.

ಕಾಟ್ಲಾ, ರೋಹು ಮರಿ ಮೊಟ್ಟೆಯೊಡೆದು ಬಂದಾಗ ಅದಕ್ಕೆ ಊಟವೇ ಬೇಡ. ಹೊಟ್ಟೆಗೆ ಅಂಟಿಕೊಂಡ ಹಳದಿ ಚೀಲ ಇರುತ್ತದೆ, ಸುಮಾರು ಮೂರು ದಿನ ಅದರಲ್ಲೇ ಬದುಕುತ್ತದೆ. ಆಮೇಲೆ ಬಾಯಿ ತೆರೆಯುತ್ತದೆ. ಆ ಬಾಯಿ ಎಷ್ಟು ಸಣ್ಣದು ಅಂದರೆ, ಅದರೊಳಗೆ ಹೋಗುವುದು ಬರೀ ಕಣ್ಣಿಗೆ ಸರಿಯಾಗಿ ಕಾಣದ ಜೀವಿಗಳು ಮಾತ್ರ. ಮೊದಲು ರೋಟಿಫರ್ ಅನ್ನುವ ಅತಿ ಸಣ್ಣ ಪ್ರಾಣಿ. ಕೆಲವು ದಿನ ಕಳೆದ ಮೇಲೆ ನೀರು ಚಿಗಟ ಮತ್ತು ಅದರ ಜಾತಿಯ ಕುಪ್ಪಳಿಸುವ ಪ್ರಾಣಿಗಳು. ಒಂದು ಗಾಜಿನ ಲೋಟದಲ್ಲಿ ಕೆರೆ ನೀರು ತೆಗೆದು ಬಿಸಿಲಿಗೆ ಹಿಡಿದರೆ ಚುಕ್ಕಿಗಳ ಹಾಗೆ ಕುಣಿಯುತ್ತಾ ಇರುತ್ತವಲ್ಲ, ಅವೇ. ಈ ವಯಸ್ಸಿನಲ್ಲಿ ಕಾಟ್ಲಾ, ರೋಹು, ಮೃಗಾಲ್, ಹುಲ್ಲುಗೆಂಡೆ ಎಲ್ಲವೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತವೆ. ಮುಂದೆ ಹುಲ್ಲು ತಿಂದೇ ದೊಡ್ಡದಾಗುವ ಹುಲ್ಲುಗೆಂಡೆ ಕೂಡ ಈಗ ಮಾಂಸಾಹಾರಿಯೇ.

ಬೆರಳುದ್ದ ದಾಟಿದ ಮೇಲೆ ದಾರಿ ಬೇರೆಯಾಗುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖ. ಅದರ ಕಿವಿರಿನ ಒಳಬದಿಯಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾದ ಎಳೆಗಳು ಇರುತ್ತವೆ. ನೀರು ಕುಡಿದು ಕಿವಿರಿನಿಂದ ಬಿಟ್ಟಾಗ ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಪ್ರಾಣಿ ಮತ್ತು ಪಾಚಿ, ಆ ಬಾಚಣಿಗೆಯಲ್ಲಿ ಸಿಕ್ಕಿಬೀಳುತ್ತದೆ. ಹಾಗಾಗಿ ಕಾಟ್ಲಾ ದೊಡ್ಡದಾದ ಮೇಲೂ ಮೇಲಿನ ನೀರಿನಲ್ಲೇ ತಿರುಗುತ್ತದೆ, ಪ್ಲವಕವನ್ನೇ ಹೆಚ್ಚಾಗಿ ನೆಚ್ಚಿಕೊಳ್ಳುತ್ತದೆ. ರೋಹು ಹಾಗಲ್ಲ. ಅದರ ತುಟಿ ದಪ್ಪ, ಅಂಚಿನಲ್ಲಿ ಝಾಲರಿ. ಬೆಳೆದ ಹಾಗೆ ಅದು ನಡು ನೀರಿಗೆ ಇಳಿಯುತ್ತದೆ. ಪಾಚಿ ಕೆರೆಯುತ್ತದೆ, ಮುಳುಗಿದ ಗಿಡದ ಕೊಳೆತ ಭಾಗ ತಿನ್ನುತ್ತದೆ. ಮೃಗಾಲ್ ಇನ್ನೂ ಕೆಳಗೆ, ಕೆಸರಿಗೆ ಹೋಗುತ್ತದೆ.

ಕರುಳು ನೋಡಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಎಳೆ ರೋಹುವಿನ ಕರುಳು ಗಿಡ್ಡ. ದೊಡ್ಡ ರೋಹುವಿನ ಕರುಳನ್ನು ಬಿಡಿಸಿ ಉದ್ದಕ್ಕೆ ಚಾಚಿದರೆ ಮೀನಿನ ಉದ್ದದ ಸುಮಾರು ಹತ್ತು ಪಟ್ಟು, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ಬರುತ್ತದೆ. ಸೊಪ್ಪು, ಪಾಚಿ ಜೀರ್ಣವಾಗಲು ಹೊತ್ತು ಬೇಕು, ಅದಕ್ಕೆ ಉದ್ದ ಕರುಳು ಬೇಕು. ಕೊರವದ ಕರುಳು ಅದರ ಮೈ ಉದ್ದದಷ್ಟೂ ಇರುವುದಿಲ್ಲ, ಯಾಕೆಂದರೆ ಮಾಂಸ ಬೇಗ ಕರಗುತ್ತದೆ. ಗೊದ್ದಮೊಟ್ಟೆಯಲ್ಲಿ ಇದೇ ಉಲ್ಟಾ ನಡೆಯುತ್ತದೆ. ಪಾಚಿ ತಿನ್ನುವಾಗ ಅದರ ಹೊಟ್ಟೆಯಲ್ಲಿ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿದ ಉದ್ದ ಕರುಳು. ಕಪ್ಪೆಯಾಗಿ ಹುಳ ತಿನ್ನಲು ಶುರು ಮಾಡುವ ಹೊತ್ತಿಗೆ ಅದೇ ಕರುಳು ಗಿಡ್ಡವಾಗಿರುತ್ತದೆ. ರೋಹುವಿನದು ಬೆಳೆಯುತ್ತದೆ, ಕಪ್ಪೆಯದು ಕುಗ್ಗುತ್ತದೆ. ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದುವಾಗ ಇವೆರಡನ್ನೂ ಒಂದೇ ಟ್ರೇಯಲ್ಲಿಟ್ಟು ನೋಡಿದ್ದೆ. ಆ ದಿನ ಮೀನಿನ ಊಟದ ವಿಷಯ ನನ್ನ ತಲೆಯೊಳಗೆ ಹೊಕ್ಕಿತು, ಇವತ್ತಿಗೂ ಹೊರಗೆ ಹೋಗಿಲ್ಲ.

ನಿಮ್ಮ ಮರಿಗಳು ಆಗಸ್ಟ್‌ನಲ್ಲಿ ಬೆರಳುದ್ದ ಇದ್ದವು. ಹೊಸ ಕೆರೆ, ಮಳೆಗೆ ತೊಳೆದುಹೋದ ನೀರು, ಪ್ಲವಕ ಕಡಿಮೆ. ಹಾಗಾಗಿ ನೀವು ಎಸೆದ ತೌಡಿಗೆ ಓಡಿ ಬಂದವು. ಈಗ ರೋಹು ಗೇಣುದ್ದ ಆಗಿರಬೇಕು. ಅದು ಮೇಲೆ ಬರುವ ವಯಸ್ಸು ದಾಟಿದೆ. ಕಾಟ್ಲಾಕ್ಕೆ ಕೆರೆಯಲ್ಲೇ ಊಟ ತುಂಬಿದೆ. ಮಳೆ ನಿಂತು ಅಕ್ಟೋಬರ್‌ನಿಂದ ಬಿಸಿಲು ಬಿದ್ದ ಮೇಲೆ ನೀರು ಹಸಿರಾಯಿತಲ್ಲ, ಆ ಹಸಿರೇ ಪ್ಲವಕ. ಮನೆಯಲ್ಲಿ ಹೊಟ್ಟೆ ತುಂಬಾ ಉಂಡವರು ಹೊರಗೆ ತಟ್ಟೆ ಹಿಡಿದು ನಿಲ್ಲುತ್ತಾರಾ? ಅಷ್ಟೇ ವಿಷಯ.

ಇನ್ನು ಕೊರವ. ಇದರ ಬಾಳು ಓದುವುದೇ ಒಂದು ಸಂತೋಷ. ಮಳೆಗಾಲದಲ್ಲಿ ತೋಡಿನ ಅಂಚಿನಲ್ಲಿ, ಹುಲ್ಲಿನ ನಡುವೆ ಕಿತ್ತಳೆ ಬಣ್ಣದ ಮರಿಗಳ ಗುಂಪೊಂದು ಕುದಿಯುವ ಹಾಗೆ ಮೇಲೆ ಕೆಳಗೆ ಆಡುವುದನ್ನು ನೀವು ನೋಡಿರುತ್ತೀರಿ. ಅದು ಕೊರವದ ಮರಿ. ಕೆಳಗೆ ಅಪ್ಪ ಅಮ್ಮ ಕಾವಲು ನಿಂತಿರುತ್ತವೆ. ಆ ಮರಿಗಳ ಊಟ ಕೂಡ ನೀರು ಚಿಗಟವೇ. ಒಂದೆರಡು ಅಂಗುಲ ಆದಾಗ ಸೊಳ್ಳೆಯ ಹುಳ, ಏರೋಪ್ಲೇನ್ ಚಿಟ್ಟೆಯ ನೀರಿನ ಮರಿ, ಸಣ್ಣ ಸಿಗಡಿ. ಗೇಣುದ್ದ ಆಗುವಾಗ ಮೀನು, ಗೊದ್ದಮೊಟ್ಟೆ, ಕಪ್ಪೆ. ಒಂದೇ ಮೀನು ತನ್ನ ಬಾಳಿನಲ್ಲಿ ಮೂರು ಬೇರೆ ಬೇರೆ ಪ್ರಾಣಿಯ ಹಾಗೆ ಬದುಕುತ್ತದೆ. ಇನ್ನೊಂದು ವಿಷಯ: ಒಂದೇ ಗುಂಪಿನಲ್ಲಿ ಬೇಗ ಬೆಳೆದ ಮರಿ ಹಿಂದೆ ಬಿದ್ದ ತಮ್ಮನನ್ನೇ ನುಂಗುತ್ತದೆ. ಕೊರವ ಸಾಕುವವರು ಆಗಾಗ ಗಾತ್ರ ನೋಡಿ ಮರಿ ಬೇರೆ ಮಾಡುವುದು ಇದಕ್ಕೇ.

ದಯವಿಟ್ಟು ಆ ಕಿತ್ತಳೆ ಗುಂಪು ಕಂಡಾಗ ಕೆಳಗಿರುವ ದೊಡ್ಡ ಮೀನಿಗೆ ಗಾಳ ಹಾಕಬೇಡಿ. ಅದನ್ನು ಹಿಡಿಯುವುದು ತುಂಬಾ ಸುಲಭ, ಯಾಕೆಂದರೆ ಅದು ಮರಿ ಬಿಟ್ಟು ಓಡುವುದಿಲ್ಲ. ಹಿಡಿದ ಸ್ವಲ್ಪ ಹೊತ್ತಿಗೆ ಬೇರೆ ಮೀನುಗಳು ಬಂದು ಆ ಮರಿಗಳನ್ನು ತಿಂದು ಮುಗಿಸುತ್ತವೆ. ಒಂದು ಸಾರಿನ ಮೀನಿಗೆ ನೂರಾರು ಮರಿಯ ಲೆಕ್ಕ. ನನಗೆ ಇದು ಪ್ರತಿ ವರ್ಷ ಬೇಜಾರು ತರುವ ಸಂಗತಿ.

ಈಗ ತಿಂಗಳ ಲೆಕ್ಕ. ಉತ್ತರ ಭಾರತದ ಮೀನಿನ ಪುಸ್ತಕ ಓದಿದರೆ ಅಲ್ಲಿ ಋತು ಅಂದರೆ ಚಳಿ. ಅಲ್ಲಿ ಚಳಿಗಾಲದಲ್ಲಿ ನೀರು ಎಷ್ಟು ತಣ್ಣಗಾಗುತ್ತದೆ ಅಂದರೆ ಗೆಂಡೆ ಮೀನು ತಿನ್ನುವುದನ್ನೇ ಬಹಳ ಕಡಿಮೆ ಮಾಡುತ್ತದೆ. ನಮ್ಮ ಕರಾವಳಿಯಲ್ಲಿ ಜನವರಿಯ ರಾತ್ರಿ ಕೂಡ 20 ಡಿಗ್ರಿಯ ಆಸುಪಾಸು. ನೀರು ಗಾಳಿಗಿಂತ ಬೆಚ್ಚಗೇ ಇರುತ್ತದೆ. ಬೆಳಗ್ಗೆ ಮೀನು ಸ್ವಲ್ಪ ಮಂಕಾಗಿರಬಹುದು, ಬಿಸಿಲೇರಿದರೆ ಸರಿಯಾಗುತ್ತದೆ. ನಮಗೆ ಋತು ಅಂದರೆ ಮಳೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಬೀಳುವ ಊರು ಇದು. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಇಲ್ಲಿಯ ಮೀನಿನ ಪಂಚಾಂಗ ಶುರುವಾಗುವುದು ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ಆಚರಣೆಯ ದಿನ) ಕಳೆದು ಮೊದಲ ಮಳೆ ಬಿದ್ದಾಗ.

ಆ ಮೊದಲ ಮಳೆಗೆ ಏನಾಗುತ್ತದೆ ನೋಡಿ. ಬೇಸಿಗೆಯಲ್ಲಿ ಒಣಗಿ ಬಿರಿದ ಗದ್ದೆಗೆ ನೀರು ನಿಲ್ಲುತ್ತದೆ. ಎರೆಹುಳಗಳು ಮಣ್ಣಿನಿಂದ ಮೇಲೆ ಬರುತ್ತವೆ. ಸಂಜೆ ರೆಕ್ಕೆ ಗೆದ್ದಲು ಹಾರಿ ನೀರಿನ ಮೇಲೆ ಬೀಳುತ್ತದೆ. ಚಗಳಿ ಇರುವೆಯ ಗೂಡು ಗಾಳಿಗೆ ಮುರಿದು ತೋಡಿಗೆ ಬೀಳುತ್ತದೆ. ಬೇಸಿಗೆಯಿಡೀ ಹೊಂಡದಲ್ಲಿ ಅರೆಹೊಟ್ಟೆಯಲ್ಲಿದ್ದ ಮೀನಿಗೆ ದಿಢೀರನೆ ಮದುವೆ ಮನೆಯ ಊಟ! ಓದುವ ದಿನಗಳಲ್ಲಿ ಉಪ್ಪಿನಂಗಡಿಯ ಕಡೆ ಜೂನ್ ಮೊದಲ ವಾರ ಹಿಡಿದ ಮುಗುಡಿನ ಹೊಟ್ಟೆ ಬಿಡಿಸಿದ್ದೆ. ಒಳಗೆ ಬರೀ ಗೆದ್ದಲಿನ ರೆಕ್ಕೆ. ಮುಷ್ಟಿ ತುಂಬಾ. ಮೀನಿಗೆ ಆ ರೆಕ್ಕೆ ಜೀರ್ಣವೇ ಆಗಿರಲಿಲ್ಲ. ಬೇಸಿಗೆಯಲ್ಲಿ ಅದೇ ಜಾತಿಯ ಮೀನಿನ ಹೊಟ್ಟೆಯಲ್ಲಿ ಕೆಸರು, ಸಣ್ಣ ಬಸವನಹುಳು, ಕೊಳೆತ ಎಲೆಯ ಚೂರು ಸಿಕ್ಕಿತ್ತು.

ನಿಮ್ಮ ಎರೆಹುಳದ ಗಾಳಕ್ಕೆ ಜೂನ್‌ನಲ್ಲಿ ಮೀನು ಬಿದ್ದದ್ದು ಇದೇ ಕಾರಣಕ್ಕೆ. ಆ ದಿನಗಳಲ್ಲಿ ತೋಡಿನ ಬಹಳಷ್ಟು ಮೀನು ಎರೆಹುಳ ಹುಡುಕುತ್ತಾ ಇರುತ್ತದೆ. ನೀರು ಕೆಂಪಾಗಿ ಕದಡಿರುತ್ತದೆ, ಹಾಗಾಗಿ ಮೀನು ಕಣ್ಣಿಗಿಂತ ಮೂಗನ್ನು, ಮೀಸೆಯನ್ನು ನಂಬುತ್ತದೆ. ಮುಗುಡಿನ ಆ ನಾಲ್ಕು ಜೊತೆ ಮೀಸೆ ಸುಮ್ನೆ ಇರುವುದಲ್ಲ, ಅವುಗಳಲ್ಲಿ ರುಚಿ ತಿಳಿಯುವ ಶಕ್ತಿ ಇದೆ. ಕೆಸರಿನಲ್ಲಿ ಕೈಯಾಡಿಸಿದ ಹಾಗೆ ಮೀಸೆಯಾಡಿಸಿ ಊಟ ಹುಡುಕುತ್ತದೆ. ಎರೆಹುಳದ ವಾಸನೆ ಅದಕ್ಕೆ ದೂರದಿಂದಲೇ ಸಿಗುತ್ತದೆ. ಜನವರಿಯಲ್ಲಿ ತೋಡು ತಿಳಿಯಾಗಿರುತ್ತದೆ. ಮೀನಿಗೆ ನಿಮ್ಮ ನೆರಳೂ ಕಾಣುತ್ತದೆ, ಗಾಳದ ದಾರವೂ ಕಾಣುತ್ತದೆ. ಎರೆಹುಳ ನೀರಿಗೆ ಬೀಳುವ ಕಾಲವೂ ಅಲ್ಲ. ಈಗ ಗಾಳ ಹಾಕುವುದಿದ್ದರೆ ಕತ್ತಲಾದ ಮೇಲೆ ಹಾಕಿ, ಮುಗುಡು ರಾತ್ರಿ ತಿರುಗುವ ಮೀನು. ಹಗಲಿನಲ್ಲಿ ಗೆಂಡೆ ಜಾತಿಯ ಮೀನಿಗೆ ಗಟ್ಟಿಯಾಗಿ ಕಲಸಿದ ಹಿಟ್ಟಿನ ಉಂಡೆ ಎರೆಹುಳಕ್ಕಿಂತ ಒಳ್ಳೆಯದು.

ಮೊದಲ ಮಳೆಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಇಡೀ ವರ್ಷದ ಗುಟ್ಟು ಅಲ್ಲಿದೆ. ನಮ್ಮಲ್ಲಿ ಉಬರ್ ಮೀನು ಅನ್ನುತ್ತಾರೆ, ಘಟ್ಟದ ಮೇಲೆ ಹತ್ತುಮೀನು ಅನ್ನುತ್ತಾರೆ. ಹೊಸ ನೀರಿಗೆ ಎದುರಾಗಿ ಮುಗುಡು, ಸಣ್ಣ ಗೆಂಡೆ ಜಾತಿಯ ಮೀನುಗಳು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತುತ್ತವೆ. ಮೊಟ್ಟೆ ಇಡಲಿಕ್ಕೆ. ಇಷ್ಟೊಂದು ಕಷ್ಟಪಟ್ಟು ಗದ್ದೆಗೇ ಯಾಕೆ ಬರಬೇಕು? ಹೊಳೆಯಲ್ಲೇ ಮೊಟ್ಟೆ ಇಡಬಹುದಲ್ವಾ?

ಉತ್ತರ ಮರಿಯ ಊಟದಲ್ಲಿದೆ. ಒಣಗಿದ ಗದ್ದೆಯ ಮಣ್ಣಿನಲ್ಲಿ ನೀರು ಚಿಗಟದ ಗಟ್ಟಿ ಚಿಪ್ಪಿನ ಮೊಟ್ಟೆಗಳು ಕಳೆದ ವರ್ಷದಿಂದ ಮಲಗಿರುತ್ತವೆ. ಬಿಸಿಲಿಗೆ ಸಾಯುವುದಿಲ್ಲ. ನೀರು ತಾಗಿದ ಕೂಡಲೇ ಎಚ್ಚರವಾಗಿ ಕೆಲವೇ ದಿನಗಳಲ್ಲಿ ಗದ್ದೆಯಿಡೀ ತುಂಬಿಬಿಡುತ್ತವೆ. ಹಟ್ಟಿಗೊಬ್ಬರದ ಸಾರ ಬೇರೆ ನೀರಿಗೆ ಇಳಿದಿರುತ್ತದೆ. ಮುಗುಡಿನ ಮೊಟ್ಟೆ ಒಡೆಯಲು ಸುಮಾರು ಒಂದು ದಿನ ಸಾಕು. ಹಳದಿ ಚೀಲ ಮುಗಿಯಲು ಇನ್ನೊಂದು ಮೂರು ದಿನ. ಅಂದರೆ ಮರಿ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಅದರ ಬಾಯಿಯ ಗಾತ್ರದ ಊಟ ಸುತ್ತಲೂ ಕುಣಿಯುತ್ತಿರುತ್ತದೆ. ನೀರು ಆಳ ಇಲ್ಲ, ಬೆಚ್ಚಗಿದೆ, ದೊಡ್ಡ ಮೀನಿನ ಕಾಟ ಕಡಿಮೆ. ಉಕ್ಕಿ ಹರಿಯುವ ಸ್ವರ್ಣಾ ನದಿಯಲ್ಲಿ ಈ ಅನುಕೂಲ ಒಂದೂ ಇಲ್ಲ. ಇಷ್ಟು ವರ್ಷದಿಂದ ಮೀನು ನೋಡುತ್ತಿದ್ದೇನೆ. ಆದರೂ ಈ ಹೊಂದಾಣಿಕೆ ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ.

ಅದಕ್ಕೇ ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದರೆ, ಮಣ್ಣು ತುಂಬಿಸಿ ಮನೆ ಕಟ್ಟಿದರೆ, ಹೊಳೆಯ ಮೀನು ಕಡಿಮೆಯಾಗುತ್ತದೆ ಅಂತ ನಾನು ಹೇಳುವುದು. ತೋಡಿನ ಬದಿಗೆ ಎತ್ತರಕ್ಕೆ ಕಾಂಕ್ರೀಟ್ ಗೋಡೆ ಎಬ್ಬಿಸಿದರೆ ಮೀನಿಗೆ ಹತ್ತಲು ದಾರಿಯೇ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮಾರುಕಟ್ಟೆಯಲ್ಲಿ ಕಡಲ ಮೀನು ಕಡಿಮೆ, ಹೊಳೆ ಮೀನಿನ ಆಸೆ ಜಾಸ್ತಿ. ಅದೇ ಎರಡು ತಿಂಗಳು ಹೊಳೆ ಮೀನು ಮೊಟ್ಟೆ ಇಡುವ ಕಾಲ. ಉಬರ್ ಮೀನು ಹಿಡಿಯುವುದು ನಮ್ಮ ಹಿರಿಯರ ಕಾಲದಿಂದ ಬಂದ ಖುಷಿ, ಬೇಡ ಅನ್ನಲು ನನಗೂ ಮನಸ್ಸಿಲ್ಲ. ಆದರೆ ತೋಡಿಗೆ ಅಡ್ಡ ಬಲೆ ಕಟ್ಟಿ ಒಂದನ್ನೂ ಮೇಲೆ ಹೋಗಲು ಬಿಡದೆ ಹಿಡಿಯುವುದು ಬೇರೆ. ಹೊಟ್ಟೆ ಉಬ್ಬಿದ ಮೀನನ್ನು ಮೇಲೆ ಹೋಗಲು ಬಿಡಿ. ವಾಪಸ್ ಬರುವಾಗ ಹಿಡಿದರೂ ಆಗುತ್ತದೆ.

ಮೊಟ್ಟೆ ತುಂಬಿದ ಮೀನಿನ ಊಟದ ಬಗ್ಗೆಯೂ ಒಂದು ಮಾತು. ಆ ಸಮಯದಲ್ಲಿ ಹೆಚ್ಚಿನ ಮೀನು ಸರಿಯಾಗಿ ತಿನ್ನುವುದಿಲ್ಲ. ಮೊಟ್ಟೆಯ ಚೀಲವೇ ಹೊಟ್ಟೆಯ ಜಾಗವನ್ನೆಲ್ಲ ಹಿಡಿದುಕೊಂಡಿರುತ್ತದೆ. ಮೊಟ್ಟೆ ಇಟ್ಟ ಮೇಲೆ ಕಳೆದುಕೊಂಡ ಕೊಬ್ಬನ್ನು ವಾಪಸ್ ಪಡೆಯಲು ಸಿಕ್ಕಿದ್ದೆಲ್ಲ ತಿನ್ನುತ್ತದೆ. ತಿಲಾಪಿಯಾದ ಕಥೆ ಇನ್ನೂ ಬೇರೆ. ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಅಷ್ಟು ದಿನ ಅದಕ್ಕೆ ಉಪವಾಸ. ಒಂದು ಕೆರೆಯಲ್ಲಿ ತಿಲಾಪಿಯಾ ಎಷ್ಟು ಹಾಕಿದರೂ ತಿನ್ನುವುದಿಲ್ಲ ಅಂತ ದೂರು ಬಂದರೆ ನಾನು ಮೊದಲು ಅದರ ಬಾಯಿ ತೆರೆದು ನೋಡಿ ಅನ್ನುತ್ತೇನೆ.

ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಮೊದಲ ಮಳೆಯ ಹಬ್ಬ ಮುಗಿದಿರುತ್ತದೆ. ಹೊಳೆ ಎರಡು ದಡ ತುಂಬಿ ಕೆಂಪಾಗಿ ಓಡುತ್ತದೆ. ಬಿಸಿಲು ನೀರಿನೊಳಗೆ ಇಳಿಯುವುದಿಲ್ಲ, ಕಲ್ಲಿನ ಮೇಲಿನ ಪಾಚಿ ಉಜ್ಜಿಹೋಗಿರುತ್ತದೆ. ಘಟ್ಟದ ಬುಡದ ಹಳ್ಳಗಳಲ್ಲಿ ಕಲ್ಲಿಗೆ ಅಂಟಿಕೊಂಡು ಪಾಚಿ ಕೆರೆಯುವ ಸಣ್ಣ ಮೀನಿಗೆ ಇದು ಕಷ್ಟದ ಕಾಲ. ನಮಗೂ ಹಿಂದೆ ಆಟಿ ಅಂದರೆ ಹಾಗೇ ಇತ್ತಲ್ವಾ, ಕೆಸುವು, ತಗತೆ ಸೊಪ್ಪಿನಲ್ಲಿ ದಿನ ದೂಡುವ ತಿಂಗಳು. ಹುಳ ತಿನ್ನುವ ಮೀನಿಗೆ ಅಷ್ಟು ತೊಂದರೆ ಇಲ್ಲ, ದಡದ ಮರಗಳಿಂದ ಏನಾದರೂ ಬೀಳುತ್ತಲೇ ಇರುತ್ತದೆ.

ಆಟಿಯ ಮುಂದಿನ ತಿಂಗಳು ಸೋಣ. ಅದು ಕಳೆದು ನೀರು ತಿಳಿಯಾಗುತ್ತದೆ. ಆಗ ಪಾಚಿ ವಾಪಸ್ ಬರುತ್ತದೆ, ಕಲ್ಲಿನಡಿಯಲ್ಲಿ ನೀರಿನ ಹುಳಗಳು ಹೆಚ್ಚುತ್ತವೆ. ಗದ್ದೆಯಲ್ಲಿ ಹುಟ್ಟಿದ ಮರಿಗಳು ಬೆರಳುದ್ದ ಬೆಳೆದು, ಗದ್ದೆಯ ನೀರು ಇಳಿಯುವಾಗ ತೋಡಿಗೆ ವಾಪಸ್ ಬರುತ್ತವೆ. ಅವನ್ನು ತಿನ್ನಲು ಕೊರವ ತೋಡಿನ ಬಾಯಲ್ಲೇ ಕಾಯುತ್ತಿರುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ತೋಡಿಗೆ, ಹೊಳೆಗೆ ಅಡ್ಡಲಾಗಿ ಕಟ್ಟ (ನೀರು ನಿಲ್ಲಿಸುವ ಒಡ್ಡು) ಕಟ್ಟಿದಾಗ ಮತ್ತೆ ಊಟ ಬದಲು. ಓಡುವ ನೀರು ನಿಂತ ನೀರಾಗುತ್ತದೆ. ಎಲೆ, ಕಸ ಅಡಿಗೆ ಕೂತು ಕೊಳೆಯುತ್ತದೆ, ಮೇಲೆ ಪ್ಲವಕ ಹುಟ್ಟುತ್ತದೆ. ಕೆಸರು ತಿನ್ನುವ ಮೀನಿಗೆ ಲಾಭ, ಓಡುವ ನೀರಿನ ಹುಳ ನಂಬಿದ್ದ ಮೀನಿಗೆ ನಷ್ಟ.

ಮಾರ್ಚ್‌ನಿಂದ ಮೇ ತನಕ ಹೊಳೆ ಹೊಂಡಗಳ ಸಾಲು. ದೊಡ್ಡ ಮೀನು, ಸಣ್ಣ ಮೀನು ಒಂದೇ ಹೊಂಡದಲ್ಲಿ. ಬೇಟೆಯ ಮೀನಿಗೆ ಇದು ಸುಗ್ಗಿ. ಉಳಿದವು ಅತ್ತಿ ಹಣ್ಣು, ನೇರಳೆ, ದಡದಿಂದ ಉದುರಿದ ಎಲೆ, ಕೆಸರು ಹೀಗೆ ಸಿಕ್ಕಿದ್ದು ತಿಂದು ದಿನ ದೂಡುತ್ತವೆ. ಹೊಳೆಗೆ ಬಾಗಿದ ಅತ್ತಿ ಮರದ ಕೆಳಗೆ ಸಂಜೆ ಹೊತ್ತು ಸುಮ್ಮನೆ ಕೂತು ನೋಡಿ. ಹಣ್ಣು ಬಿದ್ದ ಸದ್ದಿಗೇ ಮೀನು ತಿರುಗುತ್ತದೆ. ಮೇ ತಿಂಗಳ ನಡುವಿನಲ್ಲಿ ಸುರತ್ಕಲ್ ಹತ್ತಿರದ ಚೇಳ್ಯಾರು ಖಂಡಿಗೆಯ ಜಾತ್ರೆಯಲ್ಲಿ ಜನ ಬಲೆ ಹಿಡಿದು ನಂದಿನಿ ಹೊಳೆಗೆ ಇಳಿಯುತ್ತಾರೆ. ನೀರು ತಗ್ಗಿ, ಮೀನು ಒಟ್ಟಾಗಿ, ಮಳೆ ಇನ್ನೂ ಬಾರದ ಹೊತ್ತು ಅದು. ಮೀನಿನ ವರ್ಷ ನಮ್ಮ ಊರಿನವರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಅನ್ನುವುದು ಆ ದಿನದ ಆಯ್ಕೆಯಲ್ಲೇ ಕಾಣುತ್ತದೆ. ಕಡಲಿಗೆ ಹತ್ತಿರದ ಹೊಳೆಯಲ್ಲಿ ಬೇಸಿಗೆಗೆ ಉಪ್ಪು ನೀರು ಮೇಲೇರುತ್ತದೆ, ಅದರ ಜೊತೆ ಬೇರೆಯೇ ಸಿಗಡಿ, ಬೇರೆಯೇ ಮರಿಮೀನು ಬರುತ್ತವೆ. ಅಲ್ಲಿಯ ಕರಿಮೀನು ಎಳೆಯದಿರುವಾಗ ಪ್ಲವಕ, ಹುಳ ತಿನ್ನುತ್ತದೆ. ದೊಡ್ಡದಾದ ಮೇಲೆ ನೂಲಿನಂಥ ಪಾಚಿಗೆ ತಿರುಗುತ್ತದೆ. ನಿಮ್ಮ ರೋಹುವಿನ ಥರವೇ.

ಶಿಶಿಲದಲ್ಲಿ, ಕುಕ್ಕೆಯಲ್ಲಿ ದೇವಸ್ಥಾನದ ಹೊಳೆಯ ದೇವರ ಮೀನಿಗೆ ಜನ ಅಕ್ಕಿ, ಮಂಡಕ್ಕಿ ಹಾಕುವುದನ್ನು ನೋಡಿ "ಅದಕ್ಕೆ ಮಂಡಕ್ಕಿಯೇ ಊಟ" ಅಂತ ಕೆಲವರು ಅಂದುಕೊಂಡಿದ್ದಾರೆ. ಆ ಮೀನು, ಅಂದರೆ ಮಾಹಶೀರ್, ಹಣ್ಣು, ಬೀಜ, ಹುಳ, ಏಡಿ, ಬಸವನಹುಳು, ಸಣ್ಣ ಮೀನು ಎಲ್ಲ ತಿನ್ನುತ್ತದೆ. ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಆ ಗಂಟಲ ಹಲ್ಲಿನಿಂದ ಚಿಪ್ಪನ್ನು ಪುಡಿ ಮಾಡುತ್ತದೆ. ಕಾವೇರಿಯಲ್ಲಿ ಹಿಂದೆ ಇದೇ ಜಾತಿಯ ಮೀನಿಗೆ ಒಬ್ಬರು ರಾಗಿ ಉಂಡೆ ಕಟ್ಟುತ್ತಿದ್ದರು, ಇನ್ನೊಬ್ಬರು ಏಡಿ ಕಟ್ಟುತ್ತಿದ್ದರು. ಇಬ್ಬರಿಗೂ ಮೀನು ಸಿಗುತ್ತಿತ್ತು.

ಇದನ್ನೆಲ್ಲ ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ನಿಮ್ಮ ಅಡುಗೆಮನೆಯಲ್ಲೇ ನೋಡಬಹುದು. ಕೆರೆಯಿಂದ ಸಾರಿಗೆ ಮೀನು ತೆಗೆದಾಗ ಹೊಟ್ಟೆಯ ಭಾಗವನ್ನು ಬಿಸಾಡಬೇಡಿ. ಹಿಡಿದ ಕೂಡಲೇ ಬಿಡಿಸಿ, ತಡವಾದರೆ ಒಳಗಿನದು ಕರಗಿಹೋಗುತ್ತದೆ. ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಹರಡಿ, ಭೂತಗನ್ನಡಿಯಲ್ಲಿ ನೋಡಿ. ಕಾಟ್ಲಾ, ರೋಹುಗಳಿಗೆ ನಮ್ಮ ಹಾಗೆ ಹೊಟ್ಟೆಯ ಚೀಲ ಇಲ್ಲ, ಬಾಯಿಂದ ನೇರ ಕರುಳು. ಕರುಳಿನ ಮುಂದಿನ ಭಾಗ ಮಾತ್ರ ನೋಡಿ, ಹಿಂದಿನದು ಗುರುತೇ ಸಿಗುವುದಿಲ್ಲ. ಕೊರವ, ಮುಗುಡಿಗೆ ಹೊಟ್ಟೆಯ ಚೀಲ ಇದೆ. ಒಂದು ನೋಟುಪುಸ್ತಕದಲ್ಲಿ ತಾರೀಖು, ಮೀನಿನ ಉದ್ದ, ಒಳಗೆ ಸಿಕ್ಕಿದ್ದು ಬರೆದಿಡಿ. ಎರಡು ವಿಷಯದಲ್ಲಿ ಮಾತ್ರ ಮೋಸ ಹೋಗಬೇಡಿ. ಎರೆಹುಳ ಬೇಗ ಕರಗುತ್ತದೆ, ಗೆದ್ದಲಿನ ರೆಕ್ಕೆ, ಮೀನಿನ ಮುಳ್ಳು ಬಹಳ ಹೊತ್ತು ಉಳಿಯುತ್ತವೆ. ಹಾಗಾಗಿ ಸಿಕ್ಕಿದ್ದು ಮಾತ್ರವೇ ಅದರ ಊಟ ಅಂತ ಅಲ್ಲ. ಇನ್ನೊಂದು, ಗಾಳಕ್ಕೆ ಬಿದ್ದ ಕೊರವ ಗಾಬರಿಯಲ್ಲಿ ನುಂಗಿದ್ದನ್ನು ಕಕ್ಕಿಬಿಡುವುದುಂಟು. ಹೊಟ್ಟೆ ಖಾಲಿ ಇದ್ದರೆ ಅದು ಹಸಿದಿತ್ತು ಅಂತಲೇ ಅಲ್ಲ.

ಇನ್ನು ಈಗ ಏನು ಮಾಡಬೇಕು ಅನ್ನುವುದು. ಬರೀ ತೌಡು ಎಸೆಯುವುದನ್ನು ನಿಲ್ಲಿಸಿ. ತೌಡಿನಲ್ಲಿ ಪ್ರೋಟೀನ್ ಕಡಿಮೆ. ನೆಲಗಡಲೆ ಹಿಂಡಿ ಮತ್ತು ತೌಡು ಸಮ ಸಮ ಸೇರಿಸಿ, ಹಿಂಡಿಯನ್ನು ಹಿಂದಿನ ರಾತ್ರಿ ನೆನೆಸಿ, ಉಂಡೆ ಮಾಡಿ. ಅದನ್ನು ಸಣ್ಣ ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನೀರಿನ ನಡುವೆ ಇಳಿಬಿಡಿ. ರೋಹು ತಾನಿರುವ ಆಳದಲ್ಲೇ ಬಂದು ಕಚ್ಚುತ್ತದೆ. ಒಂದೇ ಸಲ ಜಾಸ್ತಿ ಬೇಡ. ಹೊಟ್ಟೆಯ ಚೀಲ ಇಲ್ಲದ ಮೀನು ಸ್ವಲ್ಪ ಸ್ವಲ್ಪವೇ ತಿನ್ನುವಂಥದ್ದು, ದಿನಕ್ಕೆ ಎರಡು ಸಲ ಕೊಡಿ. ಬೆಳಗ್ಗೆ ಬಿಸಿಲೇರಿದ ಮೇಲೆ, ಒಂಬತ್ತು ಹತ್ತು ಗಂಟೆಗೆ ಮೊದಲನೆಯದು. ಅಳತೆ ಕೂಡ ಮೀನು ಬೆಳೆದ ಹಾಗೆ ಬದಲಾಗುತ್ತದೆ. 20 ಗ್ರಾಂನ 100 ಮರಿ ಇದ್ದರೆ ಒಟ್ಟು ತೂಕ 2 ಕಿಲೋ. ಅದರ ಶೇಕಡಾ 5 ಅಂದರೆ 100 ಗ್ರಾಂ ಸಾಕು. ಅದೇ 100 ಮೀನು ಅರ್ಧ ಅರ್ಧ ಕಿಲೋ ಆದಾಗ ಒಟ್ಟು 50 ಕಿಲೋ. ಆಗ ಶೇಕಡಾ 2 ಲೆಕ್ಕ, ಅಂದರೆ 1 ಕಿಲೋ. ಚೀಲದಲ್ಲಿ ಉಳಿದರೆ ಮರುದಿನ ಕಡಿಮೆ ಮಾಡಿ.

ನೀರಿನ ಹಸಿರು ನೋಡಲು ಯಂತ್ರ ಬೇಡ. ಕೈಯನ್ನು ಮೊಣಕೈ ತನಕ ನೀರಿಗೆ ಇಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾದರೆ ಊಟ ಚೆನ್ನಾಗಿದೆ. ಅಂಗೈ ಸ್ಪಷ್ಟವಾಗಿ ಕಂಡರೆ ಪ್ಲವಕ ಕಡಿಮೆ, ಸ್ವಲ್ಪ ಸೆಗಣಿ ನೀರು ಕದಡಿ ಹಾಕಬಹುದು. ಮಣಿಕಟ್ಟು ಮುಳುಗುವಾಗಲೇ ಅಂಗೈ ಕಾಣದಿದ್ದರೆ ಹಸಿರು ಅತಿಯಾಗಿದೆ. ಆಗ ಸೆಗಣಿಯೂ ಬೇಡ, ಹಿಂಡಿಯೂ ಬೇಡ. ಬೆಳಗಿನ ಜಾವ ಉಸಿರಿಗೆ ತೊಂದರೆಯಾಗಿ ಮೀನು ಬಾಯಿ ತೆರೆದು ಮೇಲೆ ಬರುತ್ತದೆ. ಅದನ್ನು ಹಸಿವು ಅಂದುಕೊಂಡು ಊಟ ಹಾಕುವುದು ನಾನು ನೋಡಿದ ದೊಡ್ಡ ತಪ್ಪು. ಅಂಥ ದಿನ ಪಂಪು ಹಾಕಿ ನೀರನ್ನು ಮೇಲಿನಿಂದ ಬೀಳಿಸಿ. ಮಳೆಗಾಲದಲ್ಲಿ ಮೋಡ ಮುಚ್ಚಿದ ದಿನಗಳಲ್ಲೂ ಊಟ ಕಡಿಮೆ ಮಾಡಿ. ನಿಮ್ಮ ಕಡೆ ಮುರಕಲ್ಲಿನ ನೆಲ, ಮಳೆ ಸುರಿದಾಗ ನೀರು ಹುಳಿಯಾಗುತ್ತದೆ. ಮಳೆಗೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಸುಣ್ಣ ಹಾಕಿದರೆ ಪ್ಲವಕ ಬೇಗ ಚೇತರಿಸಿಕೊಳ್ಳುತ್ತದೆ.

ಕಡೆಗೆ ನಿಮ್ಮ ಕೊರವದ ಪ್ರಶ್ನೆ. ಅದು ಬಾಯಿಗೆ ಹಿಡಿಸುವುದನ್ನು ಮಾತ್ರ ನುಂಗುತ್ತದೆ. ಆಗಸ್ಟ್‌ನಲ್ಲಿ ಮಳೆನೀರಿನ ಜೊತೆ ಬಂದದ್ದು ಅಂದರೆ ನಿಮ್ಮ ಕೊರವ ಈಗ ರೋಹುವಿನಷ್ಟೇ ಅಥವಾ ಸ್ವಲ್ಪ ಹೆಚ್ಚು ಉದ್ದ ಇರಬಹುದು. ಗೇಣುದ್ದದ ರೋಹುವಿಗೆ ಅದರಿಂದ ಅಪಾಯ ಇಲ್ಲ. ಈಗ ಅದು ತಿನ್ನುತ್ತಿರುವುದು ತೋಟದ ಕಪ್ಪೆ ಮತ್ತು ಕೆರೆಗೆ ತಾನಾಗಿ ಬಂದ ಸಣ್ಣ ಮೀನು. ಅವು ನಿಮ್ಮ ಹಿಂಡಿಗೆ ಪಾಲುದಾರರು, ಕಡಿಮೆಯಾದರೆ ನಿಮಗೇ ಲಾಭ. ಹಾಗಾಗಿ ಈ ಬೇಸಿಗೆ ತನಕ ಇರಲಿ. ಆದರೆ ಮುಂದಿನ ಮಳೆಗೆ ಹೊಸ ಮರಿ ಬಿಡುವುದಿದ್ದರೆ, ಏಪ್ರಿಲ್‌ನಲ್ಲಿ ನೀರು ತಗ್ಗಿದಾಗ ಬಲೆ ಎಳೆದು ಕೊರವವನ್ನೆಲ್ಲ ತೆಗೆಯಿರಿ. ಕೆಸರಿನಲ್ಲಿ ಒಂದೆರಡು ಉಳಿದೇ ಉಳಿಯುತ್ತವೆ, ಅವು ಗಾಳಿ ಉಸಿರಾಡುವ ಮೀನು. ಅದಕ್ಕೇ ಹೊಸ ಮರಿ ತರುವಾಗ 10 ಸೆಂಟಿಮೀಟರ್‌ಗಿಂತ ಸಣ್ಣದು ತರಬೇಡಿ, ಕೆರೆಗೆ ಮಳೆನೀರು ಬರುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ತೆಗೆದ ಕೊರವಗಳ ಹೊಟ್ಟೆಯಲ್ಲಿ ಏನಿತ್ತು ಅಂತ ಬರೆದಿಟ್ಟು ನನಗೂ ತಿಳಿಸಿ.